ಸಣ್ಣ ಡ್ಯಾಂ ಒಡೆದರೆ ಏನೂ ಆಗಲ್ಲ ಅನ್ನುವುದು ನಿಜವೇ? 39 ಜನರನ್ನು ಬಲಿ ಪಡೆದ ಒಂದು ಮಣ್ಣಿನ ಏರಿಯ ಕಥೆ

ಮಳೆಗಾಲ ಜೋರಾದಾಗ ವಾಟ್ಸಾಪ್ ಗ್ರೂಪ್‌ಗಳಲ್ಲಿ ಎರಡು ಬಗೆಯ ಮೆಸೇಜ್‌ಗಳು ಓಡಾಡುತ್ತವೆ. ಒಂದು, ಯಾವುದೋ ಹಳೆಯ ವಿಡಿಯೊ ಹಾಕಿ 'ಡ್ಯಾಂ ಒಡೆದಿದೆ, ಎಲ್ಲರಿಗೂ ತಿಳಿಸಿ' ಎನ್ನುವುದು. ಇನ್ನೊಂದು ಅದರ ಉಲ್ಟಾ: 'ಅದು ಸಣ್ಣ ಕಟ್ಟೆ, ಒಡೆದರೂ ಏನಾಗುತ್ತೆ? ದೊಡ್ಡ ಡ್ಯಾಂ ಆದ್ರೆ ಮಾತ್ರ ಭಯ' ಎನ್ನುವುದು. ಮೊದಲನೆಯದು ಸುಳ್ಳು ಅಂತ ಎಷ್ಟೋ ಸಲ ಬೇಗ ಗೊತ್ತಾಗುತ್ತದೆ. ಎರಡನೆಯದನ್ನು ಯಾರೂ ಪ್ರಶ್ನಿಸುವುದಿಲ್ಲ. ಅದಕ್ಕೇ ಈ ಸಲ ಎರಡನೆಯದನ್ನು ಪರಿಶೀಲಿಸಿದ್ದೇವೆ.

ಚಿಕ್ಕ ಉತ್ತರ: ನಿಜವಲ್ಲ. ಡ್ಯಾಂ ಎಷ್ಟು ದೊಡ್ಡದು ಎನ್ನುವುದೊಂದರಿಂದಲೇ ಅಪಾಯ ಅಳೆಯಲು ಆಗುವುದಿಲ್ಲ. ಕೆಳಗೆ ಯಾರಿದ್ದಾರೆ, ಹೆಚ್ಚುವರಿ ನೀರು ಹೊರಹೋಗಲು ದಾರಿ ಇದೆಯೇ, ಏರಿಯನ್ನು ಯಾರಾದರೂ ನೋಡಿಕೊಳ್ಳುತ್ತಿದ್ದಾರೆಯೇ ಎಂಬ ಮೂರು ವಿಷಯಗಳ ಮೇಲೆ ಅದು ನಿಂತಿದೆ. ಇದನ್ನು ತಿಳಿಯಲು ಅಮೆರಿಕದ ಹಳ್ಳಿಗಾಡಿನ ಒಂದು ಖಾಸಗಿ ಡ್ಯಾಂನ ಕಥೆ ಸಾಕು.

## 1977ರ ಆ ರಾತ್ರಿ ಏನಾಯಿತು?

ಅಮೆರಿಕದ ಜಾರ್ಜಿಯಾ ರಾಜ್ಯದ ಗುಡ್ಡಗಾಡಿನಲ್ಲಿ ಟೊಕೋವಾ ಎಂಬ ಸಣ್ಣ ಊರಿದೆ. ಊರ ಬಳಿ 186 ಅಡಿ ಎತ್ತರದಿಂದ ಬೀಳುವ ಟೊಕೋವಾ ಜಲಪಾತ. ಜಲಪಾತದ ಕೆಳಗೆ ಹಳ್ಳದ ದಡದಲ್ಲಿ ಒಂದು ಬೈಬಲ್ ಕಾಲೇಜು, ಅದರ ಹಾಸ್ಟೆಲ್, ವಿದ್ಯಾರ್ಥಿಗಳ ಕುಟುಂಬಗಳು ವಾಸವಿದ್ದ ಟ್ರೇಲರ್ ಮನೆಗಳು. ಜಲಪಾತದ ಮೇಲ್ಭಾಗದಲ್ಲಿ ಅದೇ ಹಳ್ಳಕ್ಕೆ ಅಡ್ಡಲಾಗಿ ಕೆಲ್ಲಿ ಬಾರ್ನ್ಸ್ ಎಂಬ ಮಣ್ಣಿನ ಡ್ಯಾಂ ಇತ್ತು. ಅದು ಸರ್ಕಾರದ್ದಲ್ಲ, ಕಾಲೇಜಿಗೆ ಸೇರಿದ್ದು.

ಅಳತೆ ಹೇಳುವುದಾದರೆ ಏರಿಯ ಎತ್ತರ ಸುಮಾರು 40 ಅಡಿ, ಉದ್ದ ಸುಮಾರು 400 ಅಡಿ. ಹಿಂದೆ ನಿಂತ ಕೆರೆಯ ವಿಸ್ತಾರ ಸುಮಾರು 40 ಎಕರೆ. ನಮ್ಮ ಕಡೆಯ ಒಂದು ಸಾಧಾರಣ ಊರ ಕೆರೆಯಷ್ಟು.

1977ರ ನವೆಂಬರ್ 2ರಿಂದ 5ರವರೆಗೆ ಅಲ್ಲಿ ಒಟ್ಟು 7 ಅಂಗುಲ, ಅಂದರೆ ಸುಮಾರು 178 ಮಿ.ಮೀ. ಮಳೆಯಾಯಿತು. ಅದರಲ್ಲಿ ಅರ್ಧದಷ್ಟು ಸುರಿದದ್ದು 5ರ ಸಂಜೆ 6 ಗಂಟೆಯಿಂದ ಮಧ್ಯರಾತ್ರಿಯೊಳಗೆ. ನಾಲ್ಕು ದಿನಕ್ಕೆ ಇಷ್ಟು ಮಳೆ ನಮ್ಮ ಮಲೆನಾಡಿನವರಿಗೆ ದೊಡ್ಡದೇನಲ್ಲ. ಆದರೆ ಆ ಏರಿಗೆ ಅಷ್ಟೇ ಸಾಕಾಯಿತು. ನವೆಂಬರ್ 6ರ ಬೆಳಗಿನ ಜಾವ ಸುಮಾರು 1.30ಕ್ಕೆ ಏರಿ ಒಡೆಯಿತು. ನೀರು ಜಲಪಾತದಿಂದ ಧುಮುಕಿ ಮಲಗಿದ್ದವರ ಮೇಲೆ ಬಂತು. 39 ಜನ ಸತ್ತರು. ಅವರಲ್ಲಿ 20 ಮಂದಿ ಮಕ್ಕಳು.

## ಅಷ್ಟು ಸ್ವಲ್ಪ ನೀರು ಇಷ್ಟು ಜನರನ್ನು ಕೊಂದದ್ದು ಹೇಗೆ?

ಇಲ್ಲಿ ನಮಗೆ ಪರಿಚಯವಿರುವ ಅಳತೆಗಳನ್ನೇ ತೆಗೆದುಕೊಳ್ಳೋಣ. ಕೆಲ್ಲಿ ಬಾರ್ನ್ಸ್ ಒಡೆದಾಗ ಅದರಲ್ಲಿದ್ದ ನೀರು ಸುಮಾರು 0.027 ಟಿಎಂಸಿ. ನಮ್ಮ ಕೆಆರ್‌ಎಸ್‌ನ ಸಾಮರ್ಥ್ಯ 49.45 ಟಿಎಂಸಿ. ಅಂದರೆ ಕೆಆರ್‌ಎಸ್ ಅದಕ್ಕಿಂತ ಸುಮಾರು 1800 ಪಟ್ಟು ದೊಡ್ಡದು.

ಆದರೆ ಒಡೆದ ಕ್ಷಣದಲ್ಲಿ ನೀರು ಹರಿದ ವೇಗ ನೋಡಿ. ಅಮೆರಿಕದ ಭೂವಿಜ್ಞಾನ ಸಮೀಕ್ಷಾ ಸಂಸ್ಥೆಯ ಅಂದಾಜಿನ ಪ್ರಕಾರ ಗರಿಷ್ಠ ಹರಿವು 24,000 ಕ್ಯುಸೆಕ್. ಕೆಆರ್‌ಎಸ್‌ನಿಂದ ಇಷ್ಟು ನೀರು ಬಿಟ್ಟರೆ ಕಾವೇರಿ ದಡದವರಿಗೆ ಅದು ಮಾಮೂಲಿ ಸುದ್ದಿ, ಯಾಕೆಂದರೆ ನದಿ ಅಗಲವಾಗಿದೆ, ಬಿಡುವ ಮೊದಲು ಎಚ್ಚರಿಕೆ ಕೊಡುತ್ತಾರೆ, ಹಂತ ಹಂತವಾಗಿ ಬಿಡುತ್ತಾರೆ. ಅದೇ 24,000 ಕ್ಯುಸೆಕ್, ಅಂದರೆ ಪ್ರತಿ ಸೆಕೆಂಡಿಗೆ ಸುಮಾರು 680 ಟನ್ ನೀರು, ಒಂದು ಕಿರಿದಾದ ಹಳ್ಳದಲ್ಲಿ, ನಡುರಾತ್ರಿ, ಯಾವ ಸೂಚನೆಯೂ ಇಲ್ಲದೆ ಬಂದರೆ? ಟೊಕೋವಾದಲ್ಲಿ ಆದದ್ದು ಅದು. ಕೊಂದದ್ದು ನೀರಿನ ಪ್ರಮಾಣ ಮಾತ್ರ ಅಲ್ಲ, ಅದು ಒಟ್ಟಿಗೇ ಬಂದ ರೀತಿ.

ಇನ್ನೊಂದು ತಪ್ಪು ಕಲ್ಪನೆಯನ್ನೂ ಇಲ್ಲೇ ಬಿಡಿಸಿಬಿಡೋಣ. 'ಕೆರೆ ಚಿಕ್ಕದಾದರೆ ಏರಿಯ ಮೇಲಿನ ಒತ್ತಡವೂ ಕಡಿಮೆ' ಎಂದು ಹಲವರು ತಿಳಿದಿದ್ದಾರೆ. ನೀರಿನ ಒತ್ತಡ ಆಳವನ್ನು ಅವಲಂಬಿಸುತ್ತದೆ, ವಿಸ್ತಾರವನ್ನಲ್ಲ. 10 ಮೀಟರ್ ಆಳದಲ್ಲಿ ಪ್ರತಿ ಚದರ ಮೀಟರ್ ಮೇಲೆ ಸುಮಾರು 10 ಟನ್ ತೂಕದಷ್ಟು ಒತ್ತಡ ಬೀಳುತ್ತದೆ. ಹಿಂದಿರುವುದು 4 ಎಕರೆ ನೀರಾದರೂ ಅಷ್ಟೇ, 4,000 ಎಕರೆಯಾದರೂ ಅಷ್ಟೇ.

## ಮಣ್ಣಿನ ಏರಿ ಒಡೆಯುವುದು ಹೇಗೆ?

ಮಣ್ಣಿನ ಡ್ಯಾಂ ಎಂದರೆ ಹೊಸ ವಿಷಯವೇನಲ್ಲ. ನಮ್ಮ ಕೆರೆಗಳ ಏರಿಗಳೆಲ್ಲ ಅದೇ. ಭಾಗಗಳ ಹೆಸರೂ ನಮಗೆ ಗೊತ್ತು: ನೀರು ತಡೆಯುವ ಏರಿ, ಗದ್ದೆಗೆ ನೀರು ಬಿಡುವ ತೂಬು, ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ಹೊರಹೋಗುವ ಕೋಡಿ. ಚೆನ್ನಾಗಿ ಕಟ್ಟಿ ನೋಡಿಕೊಂಡರೆ ಮಣ್ಣಿನ ಏರಿ ಶತಮಾನಗಟ್ಟಲೆ ನಿಲ್ಲುತ್ತದೆ. ಹಾಗಾಗಿ 'ಮಣ್ಣಿನದು ಅಂದರೆ ದುರ್ಬಲ' ಎನ್ನುವುದೂ ಸರಿಯಲ್ಲ. ಅದು ಸೋಲುವುದು ಮುಖ್ಯವಾಗಿ ಮೂರು ರೀತಿಯಲ್ಲಿ.

ಮೇಲಿನಿಂದ: ಕೋಡಿ ಸಾಲದೆ ಹೋದರೆ ಅಥವಾ ಮುಚ್ಚಿಹೋಗಿದ್ದರೆ ನೀರು ಏರಿಯ ನೆತ್ತಿ ದಾಟಿ ಹರಿಯುತ್ತದೆ. ಕಾಂಕ್ರೀಟ್ ಗೋಡೆ ಇದನ್ನು ಸ್ವಲ್ಪ ಹೊತ್ತು ತಡೆದುಕೊಳ್ಳಬಹುದು. ಮಣ್ಣು ತಡೆಯುವುದಿಲ್ಲ, ಹಿಂಬದಿಯ ಮಣ್ಣನ್ನು ನೀರು ಕೊಚ್ಚುತ್ತಾ ಬರುತ್ತದೆ. ಅಮೆರಿಕದಲ್ಲಿ ಒಡೆದ ಡ್ಯಾಂಗಳಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಇದೇ ಕಾರಣ.

ಒಳಗಿನಿಂದ: ಎಲ್ಲ ಮಣ್ಣಿನ ಏರಿಯಲ್ಲೂ ಒಂದಿಷ್ಟು ನೀರು ಜಿನುಗುತ್ತದೆ, ಅದು ಸಹಜ. ಆದರೆ ಜಿನುಗುವ ನೀರು ತನ್ನ ಜತೆ ಮಣ್ಣನ್ನೂ ಹೊತ್ತು ತರಲು ಶುರು ಮಾಡಿದರೆ ಏರಿಯೊಳಗೆ ಸುರಂಗದಂತೆ ದಾರಿ ಬೀಳುತ್ತದೆ. ಇಂಜಿನಿಯರ್‌ಗಳು ಇದನ್ನು ಪೈಪಿಂಗ್ ಎನ್ನುತ್ತಾರೆ. ಹೊರಗೆ ಕಾಣುವ ಹೊತ್ತಿಗೆ ಎಷ್ಟೋ ಸಲ ತಡವಾಗಿರುತ್ತದೆ.

ಇಳಿಜಾರಿನಿಂದ: ಏರಿಯ ಹಿಂಬದಿ ತುಂಬಾ ಕಡಿದಾಗಿದ್ದು, ಮಳೆಗೆ ಮಣ್ಣು ನೆನೆದು ತೂಕ ಹೆಚ್ಚಿದರೆ ಗುಡ್ಡ ಕುಸಿದಂತೆ ಏರಿಯೂ ಕುಸಿಯುತ್ತದೆ.

ಕೆಲ್ಲಿ ಬಾರ್ನ್ಸ್‌ನಲ್ಲಿ ಯಾವುದು ಆಯಿತು? ತನಿಖೆ ನಡೆಸಿದ ಕೇಂದ್ರ ತಂಡಕ್ಕೆ ಒಂದೇ ಕಾರಣ ಎಂದು ಬೆರಳಿಟ್ಟು ತೋರಿಸಲು ಆಗಲಿಲ್ಲ. ಹಲವು ಕಾರಣ ಒಟ್ಟುಗೂಡಿವೆ, ಕಡಿದಾದ ಹಿಂಬದಿ ಕುಸಿದು ಆರಂಭವಾಗಿರುವ ಸಾಧ್ಯತೆ ಹೆಚ್ಚು, ಒಳಗಿನ ಜಿನುಗುವಿಕೆಯೂ ಜತೆಯಾಗಿರಬಹುದು ಎಂದು ವರದಿ ಹೇಳಿತು. ಏರಿ ಕಟ್ಟಿದ ಇಂಜಿನಿಯರಿಂಗ್ ನಕ್ಷೆಗಳೇ ಸಿಗಲಿಲ್ಲ. ಆದರೆ 1973ರ ಒಂದು ಫೋಟೊ ಸಿಕ್ಕಿತು. ದುರಂತಕ್ಕೆ ನಾಲ್ಕು ವರ್ಷ ಮೊದಲೇ ಏರಿಯ ಹಿಂಬದಿಯ ಒಂದು ಭಾಗ ಕುಸಿದಿದ್ದು ಅದರಲ್ಲಿ ಕಾಣುತ್ತಿತ್ತು.

## ಕೆಲಸ ಮುಗಿದರೂ ನೀರು ಅಲ್ಲೇ ಇರುತ್ತದೆ

ಈ ಡ್ಯಾಂನ ಹಿಂದಿನ ಕಥೆ ಮುಖ್ಯ. 1899ರಲ್ಲಿ ಅಲ್ಲಿ ವಿದ್ಯುತ್ ತಯಾರಿಸಲು ಮರದ ಚೌಕಟ್ಟಿಗೆ ಕಲ್ಲು ತುಂಬಿ ಒಂದು ಅಡ್ಡಗಟ್ಟೆ ಕಟ್ಟಿದ್ದರು. 1937ರಲ್ಲಿ ಅದನ್ನೇ ಒಳಗೆ ಸೇರಿಸಿಕೊಂಡು ಮೇಲೆ ಮಣ್ಣು ಹಾಕಿ ಏರಿ ಮಾಡಿದರು. ಎರಡನೇ ಮಹಾಯುದ್ಧದ ನಂತರ ಇನ್ನಷ್ಟು ಎತ್ತರಿಸಿದರು. 1957ರಲ್ಲಿ ವಿದ್ಯುತ್ ಉತ್ಪಾದನೆ ನಿಂತಿತು. ಆಮೇಲೆ ಆ ಕೆರೆ ವಿಹಾರದ ಜಾಗವಾಗಿ ಉಳಿಯಿತು. ಏರಿಯ ಮೇಲೆ ಮರಗಳು ಬೆಳೆದವು.

ಅಂದರೆ ಡ್ಯಾಂನಿಂದ ಆಗುತ್ತಿದ್ದ ಉಪಯೋಗ ಹೋಯಿತು, ಅದರ ಮೇಲಿನ ಗಮನವೂ ಹೋಯಿತು. ನೀರು ಮಾತ್ರ 20 ವರ್ಷ ಅಲ್ಲೇ ನಿಂತಿತ್ತು.

ಇದು ಟೊಕೋವಾದ ಒಂದೇ ಕಥೆಯಲ್ಲ. ಹವಾಯಿಯ ಕವಾಯಿ ದ್ವೀಪದ ಕಾ ಲೋಕೊ ಡ್ಯಾಂ ನೋಡಿ. ಕಬ್ಬಿನ ತೋಟಕ್ಕೆ ನೀರು ಕೊಡಲೆಂದು 1890ರ ಸುಮಾರಿಗೆ ಕಟ್ಟಿದ ಮಣ್ಣಿನ ಏರಿ ಅದು. ಸಕ್ಕರೆ ಕಂಪನಿ ಮುಚ್ಚಿದ ಮೇಲೆ ಜಮೀನು ಖಾಸಗಿಯವರ ಕೈ ಸೇರಿತು. 2006ರ ಮಾರ್ಚ್ 14ರಂದು, ದಿನಗಟ್ಟಲೆ ಮಳೆಯ ನಂತರ ಅದು ಒಡೆದು 7 ಜನ ಸತ್ತರು. ಅದಕ್ಕೆ ಇದ್ದ ಕೋಡಿಯನ್ನು ಮಣ್ಣು ಹಾಕಿ ಮುಚ್ಚಲಾಗಿತ್ತು ಎನ್ನುವುದಕ್ಕೆ ಸ್ವತಂತ್ರ ತನಿಖೆಯಲ್ಲಿ ಪುರಾವೆ ಸಿಕ್ಕಿತು. ಕೀನ್ಯಾದ ಸೋಲೈಯಲ್ಲಿ 2018ರ ಮೇ 9ರ ರಾತ್ರಿ ಒಂದು ಖಾಸಗಿ ಫಾರ್ಮ್‌ನ ಡ್ಯಾಂ ಒಡೆದು 40ಕ್ಕೂ ಹೆಚ್ಚು ಜನ ಸತ್ತರು.

ಈ ಮೂರರಲ್ಲಿ ಯಾವುದೂ ದೊಡ್ಡ ಡ್ಯಾಂ ಅಲ್ಲ. ಮೂರೂ ಖಾಸಗಿ ಜಮೀನಿನಲ್ಲಿದ್ದವು. ಮೂರೂ ಕಡೆ ಕೆಳಗೆ ಮನೆಗಳಿದ್ದವು.

## ಟೊಕೋವಾ ನಂತರ ಏನು ಬದಲಾಯಿತು?

ಅಮೆರಿಕದಲ್ಲಿ ಡ್ಯಾಂ ತಪಾಸಣೆಯ ಕಾನೂನು 1972ರಲ್ಲೇ ಬಂದಿತ್ತು. ಆದರೆ ಹಣವಿಲ್ಲದೆ ಕೆಲಸ ನಡೆದಿರಲಿಲ್ಲ. ಆಗ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಜಾರ್ಜಿಯಾದವರೇ. ದುರಂತ ನಡೆದ ಕೆಲವೇ ವಾರಗಳಲ್ಲಿ, ಒಡೆದರೆ ಜನ ಸಾಯಬಹುದಾದ ಜಾಗಗಳಲ್ಲಿರುವ, ಕೇಂದ್ರ ಸರ್ಕಾರದ್ದಲ್ಲದ ಡ್ಯಾಂಗಳನ್ನು ಪರೀಕ್ಷಿಸಲು ಅವರು ಸೇನಾ ಇಂಜಿನಿಯರಿಂಗ್ ವಿಭಾಗಕ್ಕೆ ಆದೇಶಿಸಿದರು. ನಾಲ್ಕು ವರ್ಷದಲ್ಲಿ ಸುಮಾರು 9,000 ಡ್ಯಾಂಗಳ ತಪಾಸಣೆ ನಡೆಯಿತು. ಫಲಿತಾಂಶ: ಹೆಚ್ಚುಕಡಿಮೆ ಮೂರರಲ್ಲಿ ಒಂದು ಸುರಕ್ಷಿತವಾಗಿರಲಿಲ್ಲ! ಜಾರ್ಜಿಯಾ ರಾಜ್ಯ 1978ರಲ್ಲಿ ತನ್ನದೇ ಡ್ಯಾಂ ಸುರಕ್ಷತಾ ಕಾನೂನು ಮಾಡಿತು. ಇವತ್ತು ಅಮೆರಿಕದ ಪಟ್ಟಿಯಲ್ಲಿ 90 ಸಾವಿರಕ್ಕೂ ಹೆಚ್ಚು ಡ್ಯಾಂಗಳಿವೆ, ಅರ್ಧಕ್ಕಿಂತ ಹೆಚ್ಚು ಖಾಸಗಿಯವರದು.

ಭಾರತದಲ್ಲಿ 2021ರ ಡ್ಯಾಂ ಸುರಕ್ಷತಾ ಕಾಯ್ದೆ ಇದೆ. ಅದು 15 ಮೀಟರ್‌ಗಿಂತ ಎತ್ತರದ ಡ್ಯಾಂಗಳಿಗೆ, ಮತ್ತು 10ರಿಂದ 15 ಮೀಟರ್ ಎತ್ತರದವುಗಳಲ್ಲಿ ಕೆಲವು ಷರತ್ತು ಪೂರೈಸುವವಕ್ಕೆ ಅನ್ವಯಿಸುತ್ತದೆ. 10 ಮೀಟರ್‌ಗಿಂತ ತಗ್ಗಿನ ಏರಿಗಳು ಇದರ ವ್ಯಾಪ್ತಿಗೆ ಬರುವುದಿಲ್ಲ. ಕರ್ನಾಟಕದಲ್ಲಿ ಊರ ಕೆರೆಗಳು ಅವುಗಳ ಅಚ್ಚುಕಟ್ಟಿನ ಗಾತ್ರಕ್ಕೆ ತಕ್ಕಂತೆ ಸಣ್ಣ ನೀರಾವರಿ ಇಲಾಖೆಗೋ ಪಂಚಾಯತಿಗೋ ಸೇರಿವೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮಾಲೀಕರೇ ಏರಿ ಹಾಕಿ ಮಾಡಿಕೊಂಡ ಕೆರೆಗಳಿವೆ. ಅಂಥ ಸಣ್ಣ ಏರಿಯ ಮಟ್ಟಿಗೆ ಮೊದಲ ಕಾವಲುಗಾರರು ಮಾಲೀಕರು ಮತ್ತು ಕೆಳಗೆ ವಾಸಿಸುವವರು. ನೆಲ ಅಗೆದು ಮಾಡಿದ ಕೃಷಿ ಹೊಂಡದ ವಿಷಯ ಬೇರೆ. ಅಲ್ಲಿ ನೀರು ನೆಲಮಟ್ಟದ ಕೆಳಗಿರುವುದರಿಂದ ಹೀಗೆ ಒಡೆದು ನುಗ್ಗುವ ಭಯವಿಲ್ಲ. ಅಲ್ಲಿನ ಅಪಾಯ ಮಕ್ಕಳು, ದನಕರು ಜಾರಿ ಬೀಳುವುದು.

## ಓಡಾಡುವ ಮಾತುಗಳು, ಅಸಲಿ ವಿಷಯ

'ಏರಿಯ ಮೇಲೆ ಮರ ಇದ್ದರೆ ಏರಿ ಗಟ್ಟಿ.' ಅರ್ಧ ಸತ್ಯ. ಹುಲ್ಲಿನ ಹೊದಿಕೆ ಮಣ್ಣನ್ನು ಹಿಡಿದಿಡುತ್ತದೆ, ಒಳ್ಳೆಯದು. ದೊಡ್ಡ ಮರಗಳು ಗಾಳಿಗೆ ಬುಡಸಮೇತ ಬಿದ್ದರೆ ಏರಿಯಲ್ಲಿ ಗುಂಡಿ ಬೀಳುತ್ತದೆ, ಸತ್ತ ಬೇರು ಕೊಳೆತರೆ ನೀರಿಗೆ ದಾರಿಯಾಗುತ್ತದೆ. ಹಾಗಂತ ಇದನ್ನು ಓದಿ ನಾಳೆಯೇ ಗರಗಸ ಹಿಡಿಯಬೇಡಿ. ಮರ ಕಡಿದು ಬುಡ ಅಲ್ಲೇ ಬಿಟ್ಟರೆ ಅದೂ ಕೊಳೆಯುತ್ತದೆ. ಇಂಜಿನಿಯರ್ ಸಲಹೆ ಪಡೆದೇ ಮಾಡಬೇಕು.

'ಏಡಿಗಳು ಡ್ಯಾಂ ಒಡೆದವು.' 2019ರ ಜುಲೈನಲ್ಲಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಡ್ಯಾಂ ರಾತ್ರಿ ಒಡೆದು ಕನಿಷ್ಠ 19 ಜನ ಸತ್ತಾಗ, ಅಲ್ಲಿನ ಸಚಿವರೊಬ್ಬರು ಏಡಿಗಳಿಂದ ಸೋರಿಕೆಯಾಯಿತು ಎಂದಿದ್ದು ದೊಡ್ಡ ಸುದ್ದಿಯಾಗಿತ್ತು. ಏಡಿ, ಹೆಗ್ಗಣಗಳ ಬಿಲ ಏರಿಗೆ ಕೆಟ್ಟದ್ದೇ. ನೀರು ಜಿನುಗುವ ದಾರಿಯನ್ನು ಅವು ಹತ್ತಿರ ಮಾಡುತ್ತವೆ. ಆದರೆ ಬಿಲ ಮುಚ್ಚುವುದು, ಸೋರಿಕೆ ನೋಡುವುದು ನಿರ್ವಹಣೆಯ ಕೆಲಸ. ಬಿಲ ಇತ್ತು ಎಂದರೆ ಯಾರೂ ನೋಡಿಕೊಳ್ಳುತ್ತಿರಲಿಲ್ಲ ಎಂದೇ ಅರ್ಥ.

'ಕೋಡಿ ಎತ್ತರಿಸಿದರೆ ಇನ್ನಷ್ಟು ನೀರು ನಿಲ್ಲುತ್ತೆ.' ನಿಲ್ಲುತ್ತದೆ, ಜೋರು ಮಳೆ ಬರುವವರೆಗೆ. ಕೋಡಿಗೆ ಮರಳು ಚೀಲ ಇಡುವುದು, ಕಲ್ಲು ಪೇರಿಸುವುದು, ಮೀನು ಹೋಗದಂತೆ ಬಲೆ ಕಟ್ಟುವುದು, ಎಲ್ಲವೂ ನೀರನ್ನು ಏರಿಯ ನೆತ್ತಿಗೆ ತರುವ ಕೆಲಸ.

'ಹೈ ಹಜಾರ್ಡ್ ಡ್ಯಾಂ ಅಂದರೆ ಇವತ್ತೋ ನಾಳೆಯೋ ಒಡೆಯುತ್ತೆ.' ತಪ್ಪು. ಅಮೆರಿಕದ ಪಟ್ಟಿಗಳಲ್ಲಿ ಹೈ ಹಜಾರ್ಡ್ ಎಂದರೆ 'ಒಡೆದರೆ ಜೀವಹಾನಿ ಆಗುವ ಸಾಧ್ಯತೆ ಇದೆ' ಎಂದಷ್ಟೇ. ಡ್ಯಾಂ ಗಟ್ಟಿಮುಟ್ಟಾಗಿದ್ದರೂ ಕೆಳಗೆ ಮನೆಗಳಿದ್ದರೆ ಆ ಪಟ್ಟಿಗೆ ಸೇರುತ್ತದೆ.

'ಕೆರೆ ಕೋಡಿ ಬಿತ್ತು ಅಂದ್ರೆ ಕೆರೆ ಒಡೀತು.' ಅಲ್ಲವೇ ಅಲ್ಲ. ಕೋಡಿ ಬೀಳುವುದು ಎಂದರೆ ಕೆರೆ ತುಂಬಿ ಹೆಚ್ಚಿನ ನೀರು ತನ್ನ ದಾರಿಯಲ್ಲಿ ಹೋಗುತ್ತಿದೆ ಎಂದರ್ಥ. ನಮ್ಮೂರುಗಳಲ್ಲಿ ಆಗ ಬಾಗಿನ ಬಿಡುತ್ತಾರೆ. ಕೋಡಿ ಹರಿಯುವ ವಿಡಿಯೊಗೆ 'ಡ್ಯಾಂ ಒಡೆದಿದೆ' ಎಂದು ಬರೆದು ಕಳಿಸಿದರೆ ಅದು ಸುಳ್ಳು ಸುದ್ದಿ.

## ಏರಿಯ ಮೇಲೆ ಏನು ಗಮನಿಸಬೇಕು?

ನಿಮ್ಮ ಮನೆ, ಶಾಲೆ, ಕೊಟ್ಟಿಗೆ, ಕೂಲಿಕಾರರ ಲೈನ್ ಮನೆಗಳು ಯಾವುದಾದರೂ ಏರಿಯ ಕೆಳಗಿದ್ದರೆ ಮಳೆಗಾಲದ ಮೊದಲು ಒಮ್ಮೆ, ಜೋರು ಮಳೆಯ ನಂತರ ಇನ್ನೊಮ್ಮೆ ಇವನ್ನು ನೋಡಿ:

- ಏರಿಯ ಹಿಂಬದಿ ಜಿನುಗುವ ನೀರು ತಿಳಿಯಾಗಿದೆಯೇ, ಕೆಂಪಗೆ ಕದಡಿದೆಯೇ? ತಿಳಿ ನೀರು ಕಂಡರೆ ಆಗಾಗ ಗಮನಿಸುತ್ತಿರಿ. ಕದಡಿದ ನೀರು ಅಂದರೆ ಒಳಗಿನ ಮಣ್ಣು ಹೊರಬರುತ್ತಿದೆ, ಇದು ತುರ್ತು.
- ಏರಿಯ ಉದ್ದಕ್ಕೆ ಹೊಸ ಬಿರುಕು ಬಿದ್ದಿದೆಯೇ? ಹಿಂಬದಿ ಎಲ್ಲಾದರೂ ಕುಸಿದಿದೆಯೇ, ಉಬ್ಬಿದೆಯೇ?
- ನೆತ್ತಿಯ ಮೇಲೆ ಗುಂಡಿ ಬಿದ್ದಿದೆಯೇ? ಕೆರೆಯೊಳಗೆ ಏರಿಯ ಹತ್ತಿರ ನೀರು ಸುಳಿ ಸುತ್ತುತ್ತಿದೆಯೇ?
- ಕೋಡಿಯಲ್ಲಿ ಗಿಡ, ಕಸ, ಮಣ್ಣು ತುಂಬಿದೆಯೇ? ಯಾರಾದರೂ ಅಡ್ಡ ಕಟ್ಟಿದ್ದಾರೆಯೇ?

ಕದಡಿದ ನೀರು, ಕುಸಿತ ಅಥವಾ ನೆತ್ತಿಯವರೆಗೆ ನೀರು ಕಂಡರೆ ಮೊದಲು ಕೆಳಗಿನ ಮನೆಯವರಿಗೆ ತಿಳಿಸಿ, ಆಮೇಲೆ 112ಕ್ಕೆ ಅಥವಾ ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ಕರೆ ಮಾಡಿ, ಪಂಚಾಯತಿಗೂ ಹೇಳಿ. ಓಡುವಾಗ ಹಳ್ಳದ ದಾರಿಯಲ್ಲಿ ಕೆಳಕ್ಕೆ ಓಡಬೇಡಿ. ಹಳ್ಳದಿಂದ ಪಕ್ಕಕ್ಕೆ ಸರಿದು ಎತ್ತರದ ಜಾಗ ಹತ್ತಿ. ಏರಿಯ ಮೇಲೆ ನಿಂತು ವಿಡಿಯೊ ಮಾಡಬೇಡಿ.

## ಫಾರ್ವರ್ಡ್ ಮಾಡುವ ಮೊದಲು

ಕೊನೆಯದಾಗಿ, ಮೊಬೈಲ್ ಇಲ್ಲದ ಕಾಲದ ಒಂದು ಘಟನೆ. ಅಮೆರಿಕದ ಪೆನ್ಸಿಲ್ವೇನಿಯಾದ ಸೌತ್ ಫೋರ್ಕ್ ಡ್ಯಾಂ ಕೂಡ ಖಾಸಗಿ ಮಣ್ಣಿನ ಏರಿಯೇ. ಕೆಲ್ಲಿ ಬಾರ್ನ್ಸ್‌ಗಿಂತ ದೊಡ್ಡದು, ಸುಮಾರು 72 ಅಡಿ ಎತ್ತರ. ಕಾಲುವೆಗೆ ನೀರು ಕೊಡಲು ಕಟ್ಟಿದ್ದರು. ರೈಲು ಬಂದ ಮೇಲೆ ಕಾಲುವೆ ಬೇಡವಾಯಿತು, ಡ್ಯಾಂ ಕೈ ಬದಲಾಗುತ್ತಾ ಕೊನೆಗೆ ಶ್ರೀಮಂತರ ಒಂದು ಕ್ಲಬ್ಬಿಗೆ ಸೇರಿತು. ಮೀನು ತಪ್ಪಿಸಿಕೊಳ್ಳದಂತೆ ಅವರು ಕೋಡಿಗೆ ಜಾಲರಿ ಹಾಕಿದ್ದರು. 1889ರ ಮೇ 31ರಂದು ಅದು ಒಡೆದು ಕೆಳಗಿನ ಜಾನ್ಸ್‌ಟೌನ್ ಊರಿನ ಸುತ್ತ 2,209 ಜನ ಸತ್ತರು. ಅಂದು ಒಡೆಯುವ ಮೊದಲೇ ಟೆಲಿಗ್ರಾಫ್‌ನಲ್ಲಿ ಎಚ್ಚರಿಕೆ ಹೋಗಿತ್ತು. ಆದರೆ ಯಾರೂ ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಯಾಕೆ? 'ಡ್ಯಾಂ ಒಡೆಯುತ್ತೆ' ಎಂಬ ಮಾತನ್ನು ಆ ಊರಿನವರು ವರ್ಷಗಳಿಂದ ಪ್ರತಿ ಮಳೆಗೂ ಕೇಳಿ ಕೇಳಿ ನಗೆಯಾಡುವಂತಾಗಿತ್ತು.

ಸುಳ್ಳು ಫಾರ್ವರ್ಡ್‌ನ ನಿಜವಾದ ಅಪಾಯ ಇದೇ. ಅದು ಒಂದು ದಿನದ ಗಾಬರಿಗೆ ಮುಗಿಯುವುದಿಲ್ಲ, ಮುಂದೆ ಬರುವ ನಿಜವಾದ ಎಚ್ಚರಿಕೆಯ ಬೆಲೆಯನ್ನೂ ಕಳೆಯುತ್ತದೆ. ಆದ್ದರಿಂದ ಡ್ಯಾಂ, ಕೆರೆ ಕುರಿತ ಮೆಸೇಜ್ ಬಂದರೆ ಮೂರು ಪ್ರಶ್ನೆ ಕೇಳಿ: ಯಾವ ಊರು? ಯಾವ ದಿನಾಂಕ? ಆದದ್ದು ಏನು, ಏರಿ ಒಡೆದದ್ದೋ, ಗೇಟ್ ತೆರೆದದ್ದೋ, ಕೋಡಿ ಬಿದ್ದದ್ದೋ? ಮೂರಕ್ಕೂ ಉತ್ತರ ಇಲ್ಲದಿದ್ದರೆ ಮುಂದೆ ಕಳಿಸಬೇಡಿ. ಉತ್ತರ ಇದ್ದು, ನಿಮ್ಮೂರ ಏರಿಯದೇ ಆಗಿದ್ದರೆ ಗ್ರೂಪಿಗೆ ಹಾಕಿ ಸುಮ್ಮನಾಗಬೇಡಿ. ಕೆಳಗಿನ ಮನೆಯವರಿಗೆ ಫೋನ್ ಮಾಡಿ.

ನಮ್ಮ ತೀರ್ಮಾನ: 'ಸಣ್ಣ ಡ್ಯಾಂ ಒಡೆದರೆ ಏನೂ ಆಗಲ್ಲ' ಎನ್ನುವುದು ತಪ್ಪು. ಹಾಗೆಂದು ಪ್ರತಿ ಸಣ್ಣ ಏರಿಯೂ ಒಡೆಯುತ್ತದೆ ಎಂದು ಹೆದರಬೇಕಿಲ್ಲ. ಕೋಡಿ ತೆರೆದಿದ್ದು, ಯಾರಾದರೂ ಏರಿಯ ಮೇಲೆ ಕಣ್ಣಿಟ್ಟಿದ್ದರೆ ಮಣ್ಣಿನ ಏರಿ ತಲೆಮಾರುಗಟ್ಟಲೆ ನಿಲ್ಲುತ್ತದೆ. ಬೋರ್‌ವೆಲ್ ಬಂದ ಮೇಲೆ ನಮ್ಮ ಕಡೆಯೂ ಎಷ್ಟೋ ಕೆರೆಗಳ ಮೇಲಿನ ಗಮನ ಕಡಿಮೆಯಾಗಿದೆ. ನಿಮ್ಮ ಹತ್ತಿರದ ಏರಿಯನ್ನು ಕೊನೆಯ ಸಲ ಯಾರು, ಯಾವಾಗ ನೋಡಿದರು ಎಂದು ಈ ಮಳೆಗಾಲ ಒಮ್ಮೆ ವಿಚಾರಿಸಿ.